ಮಡುವಿಗೆ ಔಷಧಿ ಸುರಿದವಳು

ಶಾಂತಾ, ನಮ್ಮ ಹೊಳೆಯ ಮಡುವಿಗೆ ಹತ್ತಿ ಹೊಲಕ್ಕೆ ಹೊಡೆಯುವ ಹುಳದ ಔಷಧಿ ಸುರಿದವಳು ನಾನು — ನಿನ್ನ ತಾಯಿಯ ತಾಯಿ. ಹಂಬಣ್ಣ ಅಲ್ಲ.

ಹೊಸ ನೀರು ಬಂದಾಗ ಮೀನು ಬಸಿರಿರುತ್ತವೆ. ಗಂಗಮ್ಮನಿಗೆ ಉಡಿ ತುಂಬುವವರೆಗೆ ನಮ್ಮವರು ಯಾರೂ ಬಲೆ ಹಾಕುವುದಿಲ್ಲ. ನಿನಗೆ ಇದನ್ನು ಹೇಳಿಕೊಟ್ಟವಳೂ ನಾನೇ. ಆ ವರ್ಷ ಶಹಾಪುರದ ಸಂತೆಯಲ್ಲಿ ಎಲ್ಲರಿಗಿಂತ ಮೊದಲು ಬುಟ್ಟಿ ಇಳಿಸಬೇಕೆಂಬ ಆಸೆಗೆ ಬಿದ್ದೆ. ಬಲೆ ಹಾಕಿದರೆ ಜನಕ್ಕೆ ಕಾಣುತ್ತದೆ, ಔಷಧಿ ಕಾಣುವುದಿಲ್ಲ ಅಂದುಕೊಂಡೆ. ನನಗೆ ಬೇಕಿದ್ದದ್ದು ಒಂದು ಬುಟ್ಟಿ — ಇಡೀ ಮಡುವಿನ ಮೀನು ಹೊಟ್ಟೆ ಮೇಲಾಗಿ ತೇಲಿದವು. ಒಂದನ್ನೂ ಮುಟ್ಟದೆ ಮನೆಗೆ ಓಡಿ ಬಂದೆ.

ನಿನಗೆ ಆಗ ಒಂಬತ್ತು ವರ್ಷ. ನೀನು ಸತ್ತ ಮೀನೊಂದನ್ನು ಎತ್ತಿಕೊಂಡು ಬಂದೆ. ನಿನ್ನ ಅಂಗೈ ತುಂಬ ಅದರ ತತ್ತಿ.

"ಯಾರ್ ಮಾಡ್ಯಾರಬೇ ಆಯಿ ಇದನ್ನ?"

ಓಣಿಯವರೆಲ್ಲ ನಿಂತಿದ್ದರು. ನನ್ನ ಬಾಯಿಂದ ಬಂದದ್ದು — "ಆಚಿ ದಂಡಿ ಹಂಬಣ್ಣ ಇರಬೇಕು. ನಿನ್ನಿ ಇಲ್ಲೇ ತಿರಗಾಡಾಕತ್ತಿದ್ದ."

ಅಷ್ಟೇ. ಜನ ಅವನ ಹರಿಗೋಲು ಒಡೆದರು. ಅವನು ಹೊಳೆ ಬಿಟ್ಟು ಮುದನಾಳದ ಹೊಲಗಳಲ್ಲಿ ಕೂಲಿಗೆ ನಿಂತ.

ನೀನು ಓದಿದೆ, ಕಡಲಿಗೆ ಹೋದೆ. ಈಗ ಉಸುಕಿನಲ್ಲಿ ಆಮೆಯ ತತ್ತಿ ಕಾಯುತ್ತೀ, ಮೀನು ತತ್ತಿ ಇಡುವ ದಿನಗಳಲ್ಲಿ ದೋಣಿ ನಿಲ್ಲಿಸಿರೆಂದು ಮೀನುಗಾರರನ್ನು ಒಪ್ಪಿಸುತ್ತೀ, ಅವರ ಪರವಾಗಿ ಸಾಹೇಬರೊಡನೆ ಜಗಳಕ್ಕೂ ನಿಲ್ಲುತ್ತೀ. ಹೋದ ತಿಂಗಳು ಊರಿಗೆ ಬಂದಾಗ ನೀನು ನನ್ನನ್ನೂ ಕರೆದೊಯ್ದು ಬೋನಾಳ ಕೆರೆಯ ದಂಡೆಯಲ್ಲಿ ಶಾಲೆಯ ಮಕ್ಕಳಿಗೆ ಹೇಳಿದೆ — "ಹಂಬಣ್ಣ ಅನ್ನಾವ ನಮ್ಮ ಮಡುವಿಗೆ ವಿಷ ಹಾಕಿದ. ನೀರ ಕಾಯೋದು ನಮ್ಮ ಆಯಿ ಕಲಿಸ್ಯಾಳ." ಮಕ್ಕಳು ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ. ಔಷಧಿ ಸುರಿದದ್ದೂ ಅದೇ ಕೈ — ಇರಲಿ.

ಮೊನ್ನೆ ಬಸ್ಸು ಹತ್ತಿ ಹಂಬಣ್ಣನ ಬಾಗಿಲಿಗೆ ಹೋಗಿ ಎಲ್ಲ ಹೇಳಿದೆ.

"ಇಷ್ಟ ವರ್ಷ ಬೇಕಾತೇನಬೇ ನಿಂಗವ್ವ? ನನ್ನ ಹಲ್ಲೆಲ್ಲ ಉದುರ್ಯಾವು." ಬಾಗಿಲಲ್ಲೇ ನಿಂತು ಅಂದ. ಆಮೇಲೆ, "ನನಗ್ಯಾಕ ಹೇಳಾಕ ಬಂದಿ? ನಾ ಹಾಕಿಲ್ಲಂತ ನನಗ ಗೊತ್ತೈತಿ. ಗೊತ್ತಿಲ್ಲದವರಿಗಿ ಹೇಳು."

ಅದಕ್ಕೇ ನಿನಗೆ ಈ ಕಾಗದ. ಮಡುವಿನಲ್ಲಿ ಮೀನು ಮತ್ತೆ ತುಂಬಿವೆ. ಉಡಿ ತುಂಬುವ ದಿನ ನೀನು ಬರುತ್ತೀ, ಹಂಬಣ್ಣನೂ ಬರುತ್ತೇನೆ ಅಂದಿದ್ದಾನೆ, ಊರೆಲ್ಲ ದಂಡೆಯಲ್ಲಿ ಇರುತ್ತದೆ. ಅಲ್ಲಿ ನಾನೇ ಬಾಯಿಬಿಟ್ಟು ಹೇಳುತ್ತೇನೆ. ಆಗ ನೀನು ನನ್ನ ಪಕ್ಕ ನಿಲ್ಲಬೇಡ, ಅವನ ಪಕ್ಕ ನಿಲ್ಲು. ಮುಂದೆ ಮಕ್ಕಳಿಗೆ ಈ ಕಥೆ ಹೇಳುವಾಗ ನನ್ನ ಹೆಸರು ಹೇಳು.