ನಮ್ಮ ವ್ಯಾನಿನ ಕಂಡಕ್ಟರ್

ದೋಹಾದಲ್ಲಿ ನನಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ್ದು ನಾಲ್ಕನೆಯ ಸಲಕ್ಕೆ. ಇಲ್ಲಿ ಅದೇನೂ ನಾಚಿಕೆಯ ವಿಷಯವಲ್ಲ, ಆರು ಸಲ ಫೇಲಾದವರು ನನ್ನ ಪರಿಚಯದಲ್ಲೇ ಇದ್ದಾರೆ. ಆದರೆ ನನ್ನ ಗಂಡ ಮೊದಲ ಸಲಕ್ಕೇ ಪಾಸಾದವರು, ಆ ಸಂಗತಿಯನ್ನು ಯಾರಾದರೂ ಮರೆತಾರು ಎಂಬ ಚಿಂತೆ ಅವರಿಗೆ ಇವತ್ತಿಗೂ ಇದೆ. ಆ ಹಟಕ್ಕೋ ಏನೋ, ನಾನು ಸ್ಟೇರಿಂಗ್ ಹಿಡಿದರೆ ಬಹಳ ಕಟ್ಟುನಿಟ್ಟು. ಸೀಟು, ಕನ್ನಡಿ, ಬೆಲ್ಟು, ಇಂಡಿಕೇಟರು, ಎಲ್ಲವೂ ಮಾಸ್ತರು ಕಲಿಸಿದ ಕ್ರಮದಲ್ಲೇ ಆಗಬೇಕು. ಇಷ್ಟೆಲ್ಲ ಶಿಸ್ತಿನವಳು ಒಂದು ಶುಕ್ರವಾರ ನನ್ನ ಮಗನನ್ನು ಕಳೆದುಕೊಳ್ಳಲು ಒಂದು ಗೇಣು ದೂರದಲ್ಲಿದ್ದೆ.

ನಾನು ಉಡುಪಿ ಕಡೆಯವಳು, ತವರಿನ ಮಾತು ತುಳು. ಗಂಡ ಗದಗಿನ ಕಡೆಯವರು. ಅವರಿಗೆ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ, ಹದಿನಾಲ್ಕು ದಿನ ಅಲ್ಲಿ, ಹದಿನಾಲ್ಕು ದಿನ ಮನೆಯಲ್ಲಿ. ನಾನು ಅಲ್ ಮನ್ಸೂರಾದ ಒಂದು ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೂರುತ್ತೇನೆ. ಮಗಳಿಗೆ ಆಗ ಒಂಬತ್ತು ವರ್ಷ, ಮಗನಿಗೆ ಐದು ತುಂಬಿರಲಿಲ್ಲ. ದೋಹಾ ಅಲ್ ಜದೀದಾದ ನಮ್ಮ ಕಟ್ಟಡದಲ್ಲೇ ಇದ್ದ ಒಂದು ಮಲಯಾಳಿ ಕುಟುಂಬ ಊರಿಗೆ ಮರಳುವಾಗ ಅವರ ಏಳು ಸೀಟಿನ ವ್ಯಾನನ್ನು ನಾವು ಕೊಂಡೆವು. ಅದರ ಮಧ್ಯದ ಬಾಗಿಲು ಜಾರುವ ಬಾಗಿಲು. ಗುಂಡಿ ಒತ್ತಿದರೆ ತಾನಾಗಿ ತೆರೆದು ತಾನಾಗಿ ಮುಚ್ಚಿಕೊಳ್ಳುತ್ತದೆ.

ಆ ವ್ಯಾನು ಬಂದ ವಾರವೇ ನಮ್ಮಲ್ಲೊಂದು ಪದ್ಧತಿ ಶುರುವಾಯಿತು. ಶುರುಮಾಡಿದವಳು ನಾನೇ. ನಮ್ಮ ಕಡೆಯ ಖಾಸಗಿ ಬಸ್ಸುಗಳಲ್ಲಿ ಜನ ಹತ್ತಿ ಇಳಿದಾದ ಮೇಲೆ ಕಂಡಕ್ಟರ್ ಬಸ್ಸಿನ ತಗಡಿಗೆ ಎರಡು ಸಲ ಬಡಿದು "ರೈಟ್ ಪೋಯಿ" ಎಂದು ಕೂಗುತ್ತಾನೆ. ಸರಿ, ಹೋಗುವಾ ಎಂದು ಅರ್ಥ. ಅದನ್ನು ಕೇಳಿದರೆ ಡ್ರೈವರ್ ಹಿಂದೆ ತಿರುಗಿಯೂ ನೋಡುವುದಿಲ್ಲ, ಗೇರು ಹಾಕುತ್ತಾನೆ. ನಮ್ಮ ವ್ಯಾನಿಗೆ ಮಗಳನ್ನು ಕಂಡಕ್ಟರ್ ಮಾಡಿದೆ. ಎಲ್ಲರೂ ಕೂತ ಮೇಲೆ ಅವಳು ತಮ್ಮನ ಬೆಲ್ಟು ನೋಡಬೇಕು, ಬಾಗಿಲು ನೋಡಬೇಕು, ಒಳಗಿನಿಂದಲೇ ಎರಡು ಸಲ ತಟ್ಟಿ "ರೈಟ್ ಪೋಯಿ" ಎನ್ನಬೇಕು. ಆಗ ನಾನು ಹೊರಡುತ್ತೇನೆ. ಗಂಡ ಇದನ್ನು ಕಂಡು ನಗುತ್ತಿದ್ದರು. "ಕತಾರಕ್ಕ ಬಂದ್ರೂ ನಿಮ್ಮ ಬಸ್ ಬಿಡಂಗಿಲ್ಲಲ್ಲ ನೀವು" ಎನ್ನುತ್ತಿದ್ದರು. ಆದರೆ ಅವರೇ ಓಡಿಸುವ ದಿನವೂ ಆ ಕೂಗು ಬರುವ ತನಕ ಬ್ರೇಕಿನಿಂದ ಕಾಲು ತೆಗೆಯುತ್ತಿರಲಿಲ್ಲ. ಮಗಳು ಒಂದು ದಿನವೂ ತಪ್ಪಿದವಳಲ್ಲ. ನಮ್ಮಿಬ್ಬರಿಗೂ ಹಿಂದೆ ತಿರುಗಿ ನೋಡುವ ಅಭ್ಯಾಸವೇ ಹೋಯಿತು.

ಮಗನಿಗೆ ಅಕ್ಕನ ಈ ಅಧಿಕಾರದ ಮೇಲೆ ಮೊದಲಿನಿಂದಲೂ ಕಣ್ಣಿತ್ತು. ಆ ಬೇಸಿಗೆ ರಜೆಯಲ್ಲಿ ನನ್ನ ತವರಿಗೆ ಹೋದಾಗ ದಿನವೂ ಬಸ್ಸಿನಲ್ಲಿ ತಿರುಗಾಡಿದೆವು. ಅವನು ಮುಂದಿನ ಸೀಟಿನಲ್ಲಿ ಕೂತು ಕಂಡಕ್ಟರನನ್ನೇ ನುಂಗುವ ಹಾಗೆ ನೋಡುತ್ತಿದ್ದ. ಕಂಡಕ್ಟರ್ ಕೆಳಗಿಳಿದು ನಿಂತು, ತಗಡಿಗೆ ಬಡಿದು, ಕೂಗಿ, ಬಸ್ಸು ಹೊರಟ ಮೇಲೆ ನಾಲ್ಕು ಹೆಜ್ಜೆ ಓಡಿ ಹತ್ತಿಕೊಳ್ಳುವುದು ಅವನಿಗೆ ದೊಡ್ಡ ಸಾಹಸವಾಗಿ ಕಂಡಿತ್ತು. ದೋಹಾಕ್ಕೆ ಮರಳಿದ ಮೇಲೂ ಸೋಫಾದ ಪಕ್ಕದಲ್ಲಿ ಹಾಗೇ ಓಡಿ ಹತ್ತುತ್ತಿದ್ದ. ನಾವು ವೀಡಿಯೊ ಮಾಡಿ ಎರಡೂ ಕಡೆಯ ಅಜ್ಜಿಯರಿಗೆ ಕಳಿಸಿದೆವು, ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನನಗೆ ಅದರಲ್ಲಿ ನಗು ಬಿಟ್ಟು ಬೇರೇನೂ ಕಾಣಲಿಲ್ಲ.

ಚಳಿಗಾಲಕ್ಕೆ ಅತ್ತೆ ವಿಸಿಟ್ ವೀಸಾದಲ್ಲಿ ಬಂದರು. ಅತ್ತೆಗೂ ವ್ಯಾನಿಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ತಾನಾಗಿ ಮುಚ್ಚಿಕೊಳ್ಳುವ ಬಾಗಿಲನ್ನು ಅವರು ನಂಬಲಿಲ್ಲ. ಎರಡೂ ಕೈಯಲ್ಲಿ ಹಿಡಿದು ದಢಾರನೆ ಎಳೆದೇ ಮುಚ್ಚುತ್ತಿದ್ದರು. ಒಂದು ವಾರದಲ್ಲಿ ಒಳಗೆ ಏನೋ ಕೆಟ್ಟು, ಬಾಗಿಲು ಮುಚ್ಚಿದ್ದರೂ ತೆರೆದಿದೆ ಎಂದು ಹೇಳುವ ಕೆಂಪು ದೀಪ ಉರಿಯತೊಡಗಿತು. ಜೊತೆಗೆ ಕುಂಯ್ ಕುಂಯ್ ಎಂಬ ಸದ್ದು ಬೇರೆ. ಗಂಡ ಗ್ಯಾರೇಜಿಗೆ ಒಯ್ಯುತ್ತೇನೆ ಎಂದರು. "ಬುಕ್ರಾ" ಎಂದರು, ಅಂದರೆ ನಾಳೆ. ಅವರ ಬುಕ್ರಾ ಒಂದು ತಿಂಗಳಾದರೂ ಬರಲಿಲ್ಲ. ನಾನು ರೇಡಿಯೋ ಜೋರು ಮಾಡಿಕೊಂಡು ಓಡಿಸತೊಡಗಿದೆ.

ಆಮೇಲೆ ಚೈಲ್ಡ್ ಲಾಕ್. ಜಾರುವ ಬಾಗಿಲಿನ ಅಂಚಿನಲ್ಲಿ ಉಗುರಿನಷ್ಟು ಸಣ್ಣ ಕಡ್ಡಿ ಇರುತ್ತದೆ. ಅದನ್ನು ಮೇಲೆ ಮಾಡಿದರೆ ಒಳಗೆ ಕೂತವರಿಗೆ ಬಾಗಿಲು ತೆರೆಯಲಾಗುವುದಿಲ್ಲ. ಅತ್ತೆಗೆ ಕಾರಿನಲ್ಲಿ ಕೂತರೆ ವಾಂತಿ. ಒಂದು ದಿನ ಸಿಗ್ನಲ್ ದಾಟಿ ನಿಲ್ಲಿಸಿದೆ, ಅವರು ಬಾಗಿಲು ಎಳೆದರು, ತೆರೆಯಲಿಲ್ಲ. ನಾನು ಇಳಿದು ಸುತ್ತು ಹಾಕಿ ಬರುವಷ್ಟರಲ್ಲಿ ಹೊಸ ಇಳಕಲ್ ಸೀರೆಯೆಲ್ಲ ಹಾಳಾಗಿತ್ತು. ಅವರು ನನ್ನನ್ನು ಬೈಯಲಿಲ್ಲ, ತಲೆ ತಗ್ಗಿಸಿ ಸೆರಗು ಒರೆಸಿಕೊಂಡರು. "ಒಳಗ ಹಾಕಿ ಕೀಲಿ ಹಾಕಿದಂಗ ಆಗ್ತದವಾ" ಎಂದಷ್ಟೇ ಹೇಳಿದರು. ಅಲ್ಲೇ ಆ ಕಡ್ಡಿಯನ್ನು ಕೆಳಗೆ ಮಾಡಿಬಿಟ್ಟೆ. ಮಗ ಪಕ್ಕದಲ್ಲೇ ಕೂತು ನಾನು ಮಾಡಿದ್ದನ್ನು ನೋಡುತ್ತಿದ್ದ.

ಬೆಲ್ಟಿನ ಮಾತು ಬಂದರಂತೂ ಅತ್ತೆ ನನಗಿಂತ ಹಟಮಾರಿ. "ನಾ ಏನ್ ಕಳ್ಳತನ ಮಾಡೀನೇನವಾ, ಹಿಂಗ ಕಟ್ಟಿ ಹಾಕಾಕ?" ಎಂದು ಕೇಳುತ್ತಿದ್ದರು. ನಾನು ಹಾಕಿದರೆ ಮುಂದಿನ ರೌಂಡಬೌಟ್ ಬರುವಷ್ಟರಲ್ಲಿ ಬಿಚ್ಚಿರುತ್ತಿದ್ದರು. ಸಿಟ್ಟು ಬಂದರೂ ಅತ್ತೆಯ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲು ಆಗುತ್ತದೆ? ಬಿಟ್ಟೆ.

ಇಲ್ಲಿ ವಾರದ ರಜೆ ಶುಕ್ರವಾರ. ಆ ಶುಕ್ರವಾರ ಬೆಳಗ್ಗೆ ಗಂಡ ಪ್ಲಾಂಟಿನಲ್ಲಿದ್ದರು. ಬಿನ್ ಒಮ್ರಾನ್‌ನಲ್ಲಿರುವ ತನ್ನ ಗೆಳತಿಯ ಮನೆಯಲ್ಲಿ ಮಗಳಿಗೆ ಶಾಲೆಗಾಗಿ ಸೌರಮಂಡಲದ ಮಾದರಿ ಮಾಡುವ ಕೆಲಸವಿತ್ತು. ಅವಳನ್ನು ಬಿಟ್ಟು, ಅತ್ತೆಯನ್ನೂ ಮಗನನ್ನೂ ಸಮುದ್ರದ ದಂಡೆಗೆ ಕರೆದೊಯ್ಯುವುದು ಎಂದುಕೊಂಡಿದ್ದೆ. ಗೆಳತಿಯ ಕಟ್ಟಡದ ಮುಂದೆ ರಸ್ತೆಯ ಬಲಬದಿಗೆ ನಿಲ್ಲಿಸಿದೆ. ಮಗಳು ಎರಡೂ ಕೈಯಲ್ಲಿ ಥರ್ಮಾಕೋಲ್ ಹಾಳೆ ಹಿಡಿದು ಇಳಿದಳು. ಬಾಗಿಲು ಮುಚ್ಚಲು ಅವಳಿಗೆ ಕೈ ಇರಲಿಲ್ಲ. ಹೋಗುವಾಗ ತಮ್ಮನಿಗೆ "ಇವತ್ತು ನೀನೇ ಕಂಡಕ್ಟರ್, ಓಕೆ?" ಎಂದಳು. ನಾನೂ ಕೇಳಿಸಿಕೊಂಡೆ, ನಕ್ಕೆ. ಅವಳು ಗೇಟಿನೊಳಗೆ ಹೋಗುವ ತನಕ ಅವಳ ಬೆನ್ನನ್ನೇ ನೋಡುತ್ತಿದ್ದೆ.

ಹಿಂದೆ ಏನು ನಡೆಯಿತೆಂದು ಅತ್ತೆ ಆಮೇಲೆ ಹೇಳಿದರು. ಅವನು ತನ್ನ ಬೆಲ್ಟು ಬಿಚ್ಚಿಕೊಂಡು ಎದ್ದು, ಗಂಭೀರವಾಗಿ ಆಯಿಯ ಸೀಟಿಗೆ ಬಂದನಂತೆ. ಅಜ್ಜಿಯನ್ನು ಮಕ್ಕಳು ಆಯಿ ಎಂದೇ ಕರೆಯುತ್ತಾರೆ. "ಆಯಿ, ಬೆಲ್ಟ್! ಕಂಡಕ್ಟರ್ ಹೇಳ್ತಾ ಇದೀನಿ" ಎಂದನಂತೆ. ಸೊಸೆಯ ಮಾತಿಗೆ ಜಗ್ಗದ ಅತ್ತೆ ಮೊಮ್ಮಗನ ಅಧಿಕಾರಕ್ಕೆ ತಲೆಬಾಗಿ ಸುಮ್ಮನೆ ಕೂತರು. ಅವನು ಎರಡು ಕೈಯಿಂದ ಒತ್ತಿ ಒತ್ತಿ ಟಕ್ ಎನಿಸಿದ. ಆಮೇಲೆ ಬಾಗಿಲು ಮುಚ್ಚಲು ಹೋಗುತ್ತಾನೆ ಎಂದು ಅತ್ತೆ ಅಂದುಕೊಂಡರು. ಅವನು ಕೆಳಗಿಳಿದ.

ನನಗೆ ಕೇಳಿಸಿದ್ದು ತಗಡಿಗೆ ಎರಡು ಪೆಟ್ಟು, ಮತ್ತೆ ಸಣ್ಣ ದನಿಯಲ್ಲಿ "ರೈಟ್ ಪೋಯಿ!" ಪೆಟ್ಟು ಹೊರಗಿನಿಂದ ಬಿತ್ತು ಎಂದು ತಲೆಗೆ ಹೋಗಲೇ ಇಲ್ಲ. ಕೆಂಪು ದೀಪ ಉರಿಯುತ್ತಿತ್ತು, ಅದು ದಿನವೂ ಉರಿಯುತ್ತಿತ್ತು. ಕುಂಯ್ ಕುಂಯ್ ಅನ್ನುತ್ತಿತ್ತು, ದಿನವೂ ಅನ್ನುತ್ತಿತ್ತು. ಮಾಸ್ತರು ಕಲಿಸಿದ ಹಾಗೆ ಎಡಗನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಬ್ರೇಕಿನಿಂದ ಕಾಲು ತೆಗೆದೆ.

ಅತ್ತೆ ಚೀರಿದರು. "ನಿಂದ್ರಸ! ಕೂಸು ಹೊರಗೈತಿ! ನಿಂದ್ರಸ!"

ಬ್ರೇಕನ್ನು ನಾನು ಒತ್ತಿದೆನೋ, ಅದರ ಮೇಲೆ ನಿಂತೆನೋ ಗೊತ್ತಿಲ್ಲ. ವ್ಯಾನು ಜೋರಾಗಿ ಮುಗ್ಗರಿಸಿ ನಿಂತಿತು. ಹಿಂದೆ ತಿರುಗಿದೆ. ಮಗನ ಸೀಟು ಖಾಲಿ. ಅತ್ತೆ ಬಾಗಿಲಿನ ಹೊರಗೆ ಅರ್ಧ ಬಾಗಿದ್ದರು, ತಲೆ, ಹೆಗಲು, ಎರಡೂ ಕೈ ಹೊರಗೆ. ಸೊಂಟದ ಹತ್ತಿರ ಬೆಲ್ಟು ಬಿಗಿದು ನಿಂತಿತ್ತು. ಅದಿಲ್ಲದಿದ್ದರೆ ಆ ಬ್ರೇಕಿಗೆ ಅವರೇ ತಲೆಕೆಳಗಾಗಿ ರಸ್ತೆಗೆ ಬೀಳುತ್ತಿದ್ದರು, ಅವನ ಮೇಲೆಯೇ ಬೀಳುತ್ತಿದ್ದರು.

ನಾನು ಹೇಗೆ ಇಳಿದೆ, ಹೇಗೆ ಸುತ್ತಿ ಬಂದೆ ನೆನಪಿಲ್ಲ. ಅವನ ಅಂಗಿಯ ಕಾಲರು ಅತ್ತೆಯ ಒಂದು ಮುಷ್ಟಿಯಲ್ಲಿತ್ತು, ತೋಳು ಇನ್ನೊಂದರಲ್ಲಿ. ಅವನು ಬಾಗಿಲಿನ ಮೆಟ್ಟಿಲಿಗೆ ಹೊಟ್ಟೆ ಒತ್ತಿಕೊಂಡು ಜೋತಾಡುತ್ತಿದ್ದ. ಒಂದು ಕಾಲಿನಲ್ಲಿ ಚಪ್ಪಲಿ ಇತ್ತು. ಇನ್ನೊಂದು ಬರಿಗಾಲು. ಆ ಚಪ್ಪಲಿಗಾಗಿ ಬಗ್ಗಿ ನೋಡಿದೆ. ವ್ಯಾನಿನ ಹಿಂದಿನ ಚಕ್ರ ಅದರ ಮೇಲೆ ನಿಂತಿತ್ತು, ನೀಲಿ ಪಟ್ಟಿಯ ತುದಿ ಮಾತ್ರ ಹೊರಗೆ ಕಾಣುತ್ತಿತ್ತು. ಅವನ ಕಾಲಿಗೂ ಆ ಚಕ್ರಕ್ಕೂ ನಡುವೆ ನನ್ನ ಅಂಗೈಯಷ್ಟು ಜಾಗ ಇತ್ತು.

ಅವನನ್ನು ಎತ್ತಿ ಫುಟ್‌ಪಾತಿನಲ್ಲಿ ಕೂರಿಸಿಕೊಂಡು ಮೈಯೆಲ್ಲ ಮುಟ್ಟಿ ನೋಡಿದೆ. ಕಾಲಿನ ಬೆರಳುಗಳನ್ನು ಒಂದೊಂದೇ ಹಿಡಿದು ನೋಡಿದೆ. ಮೊಣಕಾಲಿನಲ್ಲಿ ಸ್ವಲ್ಪ ತರಚಿತ್ತು, ಅಷ್ಟೇ. "ಎಂತ ಮಾಡಿದ್ದು ನೀನು? ಇಳಿದದ್ದು ಯಾಕೆ?" ಎಂದು ಕಿರುಚಿದೆ. ಅವನಿಗೆ ನಾನು ಯಾಕೆ ಕಿರುಚುತ್ತೇನೆಂದೇ ತಿಳಿಯಲಿಲ್ಲ.

"ಮಮ್ಮಿ, ಕಂಡಕ್ಟರ್ ಫಸ್ಟ್ ಜಂಪ್ ಮಾಡಲ್ಲ. ಬಸ್ ಗೋ ಆದ್ಮೇಲೆ ಜಂಪ್ ಮಾಡೋದು" ಎಂದ. ಆಮೇಲೆ ನನ್ನ ಮುಖ ನೋಡಿ ಅಳತೊಡಗಿದ.

ನನಗೂ ಅಳು ತಡೆಯಲಾಗಲಿಲ್ಲ. ಬಿನ್ ಒಮ್ರಾನಿನ ಫುಟ್‌ಪಾತಿನಲ್ಲಿ, ಹಗಲು ಹನ್ನೊಂದು ಗಂಟೆಗೆ, ಶುಕ್ರವಾರದ ಇಸ್ತ್ರಿ ಬಟ್ಟೆಯಲ್ಲಿ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಆ ಅಳುವಿನ ನಡುವೆಯೇ ನನಗೆ ಎಷ್ಟು ಸಂತೋಷವಾಗುತ್ತಿತ್ತೆಂದು ಹೇಳಲಾರೆ. ಅವನ ಬೆವರಿನ ವಾಸನೆ, ಭಾರ, ಕಿವಿಯ ಹತ್ತಿರ ಅವನ ರಂಪ, ಎಲ್ಲವೂ ನನ್ನ ಮಡಿಲಲ್ಲೇ ಇತ್ತು. ಇದೆಲ್ಲ ಇಲ್ಲದೆ ಹೋಗಬಹುದಿತ್ತು ಎಂಬುದು ಒಂದು ಕ್ಷಣ ಹೊಳೆಯುತ್ತಿತ್ತು, ಮರುಕ್ಷಣ ಅವನು ಒದೆಯುತ್ತಿದ್ದ.

ಬಿಗಿದುಹೋಗಿದ್ದ ಬೆಲ್ಟನ್ನು ಬಿಚ್ಚಲು ಅತ್ತೆಗೆ ಆಗಲಿಲ್ಲ. ನಾನೇ ಎದ್ದು ಬಿಚ್ಚಿದೆ. ಅವರು ಇಳಿದು ನನ್ನ ತಲೆ ಸವರಿದರು. "ಅಳಬ್ಯಾಡವಾ, ಏನಾಗಿಲ್ಲ. ನೋಡಿಲ್ಲೆ, ಕೈ ಐತಿ, ಕಾಲೈತಿ, ಬಾಯಂತೂ ಐತೇ ಐತಿ" ಎಂದರು. ಮೂವರಿಗೂ ನಗು ಬಂತು, ಮಗನಿಗೂ.

ಚಪ್ಪಲಿ ತೆಗೆಯಬೇಕಾದರೆ ವ್ಯಾನನ್ನು ಸ್ವಲ್ಪ ಮುಂದೆ ತೆಗೆಯಲೇಬೇಕಿತ್ತು. ಅತ್ತೆ ಅವನನ್ನು ಗೋಡೆಯ ಹತ್ತಿರ ಒಯ್ದು ಎರಡೂ ಕೈಯಲ್ಲಿ ಹಿಡಿದು ನಿಂತರು. ಆದರೂ ನಾನು ಮೂರು ಸಲ ಇಳಿದು ಚಕ್ರದ ಹಿಂದೆ ಮುಂದೆ ನೋಡಿ ಬಂದೆ. ಎರಡು ಅಡಿ ವ್ಯಾನು ಓಡಿಸಲು ನನಗೆ ಅಷ್ಟು ಹೊತ್ತು ಯಾವ ಪರೀಕ್ಷೆಯಲ್ಲೂ ಹಿಡಿದಿರಲಿಲ್ಲ. ಚಪ್ಪಲಿ ಹಪ್ಪಳವಾಗಿತ್ತು. ಅಲ್ಲೇ ಇದ್ದ ಕಸದ ಡಬ್ಬಿಗೆ ಹಾಕಿದೆ, ಮನೆಗೆ ತರಲು ಮನಸ್ಸಾಗಲಿಲ್ಲ. ಬಾಗಿಲಿನ ಅಂಚಿನ ಕಡ್ಡಿಯನ್ನು ಮೇಲೆ ಮಾಡಿದೆ. ಅತ್ತೆ ನೋಡಿದರು. ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಮಡಿಲಲ್ಲಿಟ್ಟುಕೊಂಡು, ಬೆಲ್ಟಿಗೆ ತಾವೇ ಕೈ ಹಾಕಿದರು.

ಸಮುದ್ರಕ್ಕೆ ಹೋಗಲಿಲ್ಲ. ಹತ್ತಿರದ ಚಹಾದಂಗಡಿಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದೆ. ಇಲ್ಲಿ ಹಾಗೆ ಮಾಡಿದರೆ ಚಹಾ ಕಿಟಕಿಗೇ ಬರುತ್ತದೆ. ಕರಕ್ ಚಹಾ ಬರೀ ಸಕ್ಕರೆ ಪಾನಕ ಎಂದು ಮೂಗು ಮುರಿಯುತ್ತಿದ್ದ ಅತ್ತೆ ಅವತ್ತು ಎರಡು ಕಪ್ ಕುಡಿದರು. ಕುಡಿಯುತ್ತ ಹೇಳಿದರು, "ನಿನ್ನ ಗಂಡಗ ನಾ ಹೇಳಂಗಿಲ್ಲ. ನೀನ ಹೇಳು. ಆದ್ರ ಮುಚ್ಚಿಡಬ್ಯಾಡ." ಮಗನಿಗೆ ಹೇಳಿ ಸೊಸೆಯನ್ನು ಬೈಸುವ ಅತ್ತೆಯಂದಿರ ಕತೆಗಳನ್ನು ನಾನು ಕ್ಲಿನಿಕ್ಕಿನಲ್ಲಿ ದಿನವೂ ಕೇಳುತ್ತೇನೆ. ಅವರ ಕೈ ಹಿಡಿದುಕೊಂಡೆ. ಅಂಗಿ ಹಿಡಿದಿದ್ದ ಬೆರಳುಗಳ ಗೆಣ್ಣು ಇನ್ನೂ ಕೆಂಪಾಗಿತ್ತು.

ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ, ಚಪ್ಪಲಿಯದ್ದೂ ಹೇಳಿದೆ. ಅವರು ಮೊದಲು ಅವನ ಕಾಲಿನ ಬಗ್ಗೆ ಎರಡೆರಡು ಸಲ ಕೇಳಿದರು. ಆಮೇಲೆ "ಆ ಬಾಗಲದ ದೀಪ ಸರಿ ಮಾಡಿಸಿದ್ರ ಹಿಂಗ ಆಗ್ತಿರಲಿಲ್ಲ. ಬುಕ್ರಾ ಬುಕ್ರಾ ಅಂದಾಂವ ನಾನ" ಎಂದರು. ಮಗನಿಗೆ ಫೋನ್ ಕೊಡು ಎಂದರು. ಅವನ ಹತ್ತಿರ ಏನು ಮಾತಾಡಿದರೋ, ಅವನು ಮಾತ್ರ "ಪಪ್ಪಾ, ಯಾಕೆ ಅಳ್ತೀಯಾ?" ಎಂದು ಕೇಳಿದ್ದು ನಮಗೆ ಕೇಳಿಸಿತು.

ರಜೆಗೆ ಬಂದ ಮೊದಲ ದಿನವೇ ಅವರು ಬಾಗಿಲು ರಿಪೇರಿ ಮಾಡಿಸಿ ತಂದರು. ಈಗ ಆ ದೀಪ ಉರಿದರೆ ನಿಜವಾಗಿಯೂ ಬಾಗಿಲು ತೆರೆದಿದೆ ಎಂದೇ ಅರ್ಥ. ನಮ್ಮ ವ್ಯಾನಿನಲ್ಲಿ ಕಂಡಕ್ಟರ್ ಹುದ್ದೆ ಖಲಾಸ್. ಮಗಳಿಗೆ ಬೇಸರವಾಯಿತು, ತಾನು ಹೇಳಿದ್ದರಿಂದಲೇ ಹೀಗಾಯಿತೆಂದು ಎರಡು ದಿನ ಊಟ ಬಿಟ್ಟಳು. ಒಂಬತ್ತು ವರ್ಷದವಳ ಹೆಗಲಿಗೆ ನನ್ನ ಕೆಲಸ ಹೊರಿಸಿದವಳು ನಾನು, ತಪ್ಪು ನನ್ನದು ಎಂದು ಅವಳಿಗೆ ಒಪ್ಪಿಸಲು ಬಹಳ ಕಷ್ಟವಾಯಿತು.

ಇದಾಗಿ ಮೂರು ವರ್ಷ. ಈಗ ಹೊರಡುವ ಮುಂಚೆ ನಾನೇ ಇಳಿದು, ವ್ಯಾನಿಗೆ ಒಂದು ಸುತ್ತು ಬಂದು, ಬಾಗಿಲು ಎಳೆದು ನೋಡಿ, ಒಬ್ಬೊಬ್ಬರ ಬೆಲ್ಟನ್ನೂ ಕೈಯಿಂದ ಜಗ್ಗಿ ನೋಡುತ್ತೇನೆ. ಶಾಲೆಯ ಗೇಟಿನ ಮುಂದೆಯೂ ಬಿಡುವುದಿಲ್ಲ. ಏಳು ದಾಟಿದ ಮಗನಿಗೆ ಇದರಿಂದ ತಡೆಯಲಾರದಷ್ಟು ನಾಚಿಕೆ. ಮೊನ್ನೆ ಗೆಳೆಯರೆಲ್ಲ ನೋಡುತ್ತಿರುವಾಗ ಅವನ ಬೆಲ್ಟು ಜಗ್ಗಿದೆ. ಅವನು ಮುಖ ಕೆಂಪಗೆ ಮಾಡಿಕೊಂಡು ನನ್ನ ಕೈ ತಳ್ಳಿದ. "ಮಮ್ಮಿ, ಐ ಹೇಟ್ ಯು, ಹೋಗು ನೀನು" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದ. ಬೇರೆ ತಾಯಿಯಾಗಿದ್ದರೆ ನೊಂದುಕೊಳ್ಳುತ್ತಿದ್ದಳು. ನಾನು ಇನ್ನೊಂದು ಸಲ ಜಗ್ಗಿ ನೋಡಿ, ಬಾಗಿಲು ಹಾಕಿ, ನನ್ನ ಸೀಟಿಗೆ ಬಂದು ಕೂತೆ. ಮನೆಯ ತನಕ ಅವನು ನನ್ನನ್ನು ಬೈಯುತ್ತಲೇ ಇದ್ದ, ನಾನು ರೇಡಿಯೋ ಆರಿಸಿ ಒಂದಕ್ಷರ ಬಿಡದೆ ಕೇಳಿಸಿಕೊಂಡೆ.