ನಾನು ಕೇಳದ ವಾಯಿದೆ

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಗೋಕಾಕದ ಕೋರ್ಟಿನಲ್ಲಿ ವಕೀಲಿ ಶುರುಮಾಡಿದ ಹೊಸದರಲ್ಲಂತೂ ನನ್ನ ಅರ್ಧ ಲಕ್ಷ್ಯ ಸಾಕ್ಷಿಯ ಮೇಲೆ, ಇನ್ನರ್ಧ ಬಸ್ಸಿನ ಮೇಲೆ. ಮುಂಜಾನೆ ಗೋಕಾಕದಲ್ಲಿ ಒಂದು ಕೇಸು, ಮಧ್ಯಾಹ್ನ ಹುಕ್ಕೇರಿಯಲ್ಲಿ ಇನ್ನೊಂದು, ನಡುವೆ ಒಂದೇ ಬಸ್ಸು. ಅದು ತಪ್ಪಿದರೆ ದಿನವೇ ಹಾಳು. ನ್ಯಾಯಾಧೀಶರು ಕನ್ನಡಕ ಒರೆಸಿಕೊಳ್ಳಲು ತೆಗೆದರೂ ನನಗೆ ಸಿಟ್ಟು ಬರುತ್ತಿತ್ತು.

ಆಗ ನಮ್ಮ ಜಿಲ್ಲೆ ಇನ್ನೂ ಮುಂಬೈ ರಾಜ್ಯದಲ್ಲಿತ್ತು, ದಾರೂಬಂದಿ, ಅಂದರೆ ಪಾನನಿಷೇಧ, ಜೋರಾಗಿತ್ತು. ಕೋರ್ಟಿಗೆ ಬರುವ ಪ್ರಕರಣಗಳಲ್ಲಿ ಬಾಟಲಿಯವೇ ಹೆಚ್ಚು. ಅವಕ್ಕೆಂದೇ ನಾವು ವಕೀಲರು ಒಂದು ಪದ್ಧತಿ ಹಾಕಿಕೊಂಡಿದ್ದೆವು. ಕಕ್ಷಿದಾರನ ಕಿವಿಯಲ್ಲಿ ‘ಕಬೂಲ್ ಅನ್ನು’ ಎಂದು ಊದುವುದು. ಅವನು ತಪ್ಪಾಯಿತು ಎಂದು ಕೈಮುಗಿದು, ಸಣ್ಣ ದಂಡ ಕಟ್ಟಿ, ಊಟದ ಹೊತ್ತಿಗೆ ಮನೆ ಸೇರುತ್ತಿದ್ದ. ಪೊಲೀಸರಿಗೂ ಸುಖ, ಕೋರ್ಟಿಗೂ ಸುಖ, ನನಗೆ ಬಸ್ಸು. ಇದನ್ನು ನಾನು ಜಾಣತನವೆಂದೇ ತಿಳಿದಿದ್ದೆ.

ಒಂದು ದಿನ ಮೂಡಲಗಿಯ ದವಾಖಾನೆಯ ನರ್ಸಬಾಯಿ ಬಂದಳು. ಮಸಗುಪ್ಪಿಯ ಕೂಲಿಕಾರರ ಮಗಳು. ಹೆರಿಗೆ ಮಾಡಿಸುವ ತರಬೇತಿ ಪಾಸಾಗಿ, ಮುಂಬೈಯ ನರ್ಸುಗಳ ಕಚೇರಿಯ ಪಟ್ಟಿಯಲ್ಲಿ ಹೆಸರು ಬರೆಸಿ, ಲೈಸೆನ್ಸು ಪಡೆದವಳು. ಆ ಮನೆತನದಲ್ಲಿ ಕಳೆ ಕೀಳುವ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಕೈಹಾಕಿದ ಮೊದಲನೆಯವಳು. ನೀರು ಕೇಳಿದರೆ ಎತ್ತರದಿಂದ ಹೊಯ್ಯುವ ಮನೆಗಳೂ ಹೆರಿಗೆಗೆ ಮಾತ್ರ ಆಕೆಯನ್ನೇ ಕರೆಯುತ್ತಿದ್ದವು.

ಬಸ್ಸಿನ ತಪಾಸಣೆಯಲ್ಲಿ ಆಕೆಯ ಚೀಲದಲ್ಲಿ ಒಂದು ಬ್ರಾಂಡಿ ಬಾಟಲಿ ಸಿಕ್ಕಿತ್ತು. ಒಳಗಿದ್ದದ್ದು ಬ್ರಾಂಡಿಯಲ್ಲ, ಸ್ಪಿರಿಟ್ಟು. ಕುರಿಗಾರರ ಹೆಂಗಸರು ಕುರಿ ತರುಬಿ ಬೀಡುಬಿಟ್ಟ ಹೊಲದಲ್ಲೇ ಹೆರುತ್ತಿದ್ದರು. ಅಲ್ಲಿ ಹೊಕ್ಕುಳಬಳ್ಳಿಯ ಕತ್ತರಿ ಕುದಿಸಲು ಸ್ಪಿರಿಟ್ಟಿನ ದೀಪವೇ ಗತಿ. ದವಾಖಾನೆಯ ಡಾಕ್ಟರು ಕೈಗೆ ಸಿಕ್ಕ ಹಳೆಯ ಬಾಟಲಿಯಲ್ಲಿ ಹೊಯ್ದು ಕೊಟ್ಟಿದ್ದರು, ಮೇಲೊಂದು ಚೀಟಿ ಅಂಟಿಸುವುದನ್ನು ಮರೆತಿದ್ದರು.

“ಡಾಕ್ಟರ ಸಾಹೇಬ್ರು ಮಕ್ಕಳಿಗೆ ಲಸಿ ಹಾಕಾಕ ಹಳ್ಳಿಗೆ ಹೋಗ್ಯಾರ್ರಿ, ಶುಕ್ರವಾರ ಬರ್ತಾರ” ಎಂದಳು. “ಅವರು ಒಂದ್ ಚೀಟಿ ಬರದು ಕೊಟ್ರ ಮುಗೀತಲ್ರಿ. ಅಲ್ಲೀತನಕ ವಾಯಿದಾ ಕೇಳ್ರಿ, ವಕೀಲ್ರ.”

ವಾಯಿದಾ ಎಂದರೆ ಮುಂದಿನ ತಾರೀಖು. ಕೇಳಬೇಕಾದರೆ ಅರ್ಜಿ ಬರೆಯಬೇಕು, ಸರದಿ ಬರುವತನಕ ಕಾಯಬೇಕು. ಹೊರಗೆ ಹುಕ್ಕೇರಿಯ ಬಸ್ಸು ಹಾರ್ನು ಹೊಡೆಯುತ್ತಿತ್ತು.

“ಇದೇನ್ ಫಾಶಿ ಕೇಸ್ ಐತೇನ?” ಎಂದು ಗದರಿಸಿದೆ. “ಕಬೂಲ್ ಅನ್ನು, ದಂಡ ಕಟ್ಟು, ಮನಿಗೆ ಹೋಗು.”

“ನಾ ತಪ್ಪ ಮಾಡಿಲ್ಲಲ್ರಿ?”

“ಹೇಳಿದಷ್ಟು ಮಾಡು.”

ಆಕೆ ಹೇಳಿದಷ್ಟು ಮಾಡಿದಳು. ಬಾಟಲಿಯ ಬೂಚು ತೆಗೆದು ಮೂಸಿ ನೋಡುವ ಪ್ರಸಂಗವೇ ಯಾರಿಗೂ ಬರಲಿಲ್ಲ. ನಾನು ಕರಿ ಕೋಟನ್ನು ಕಂಕುಳಲ್ಲಿ ಹಿಡಿದು ಓಡಿದೆ. ಬಸ್ಸು ಸಿಕ್ಕಿತು. ಕಿಟಕಿಯ ಸೀಟೂ ಸಿಕ್ಕಿತು.

ಮೂರು ತಿಂಗಳ ಮೇಲೆ ಆಕೆ ಆ ಮುಂಬೈ ಕಚೇರಿಯ ಲಕೋಟೆ ಹಿಡಿದು ಬಂದಳು. ಇಂಗ್ಲಿಷಿನಲ್ಲಿತ್ತು, ನಾನೇ ಓದಿ ಹೇಳಬೇಕಾಯಿತು. ಮದ್ಯದ ಅಪರಾಧದಲ್ಲಿ ನಿಮಗೆ ಶಿಕ್ಷೆಯಾಗಿದೆ, ಪಟ್ಟಿಯಿಂದ ನಿಮ್ಮ ಹೆಸರನ್ನು ಏಕೆ ತೆಗೆಯಬಾರದು, ವಿಚಾರಣೆ ಮುಗಿಯುವವರೆಗೆ ಹೆರಿಗೆ ಮಾಡಿಸಕೂಡದು. ದಂಡ ಕಟ್ಟಿದರೆ ಮುಗಿಯಿತು ಎಂದವನು ನಾನೇ. ಅದು ಮುಗಿಯುವ ಜಾಗ ಕೋರ್ಟಲ್ಲ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ.

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನಾನೂ ತಿರುಗಿ ಎರಡು ಮಾತಾಡಿ ಹಗುರಾಗುತ್ತಿದ್ದೆ. “ಈಗೇನ್ ಮಾಡೂದ್ರಿ?” ಎಂದಷ್ಟೇ ಕೇಳಿದಳು. ಮಸಗುಪ್ಪಿಗೆ ಹೋಗಿ ಅವ್ವನ ಜೊತೆ ಮತ್ತೆ ಕಳೆ ಕೀಳಲು ಕೂತಳು. ಕುರಿಗಾರರು ಹೊಲದ ಬದುವಿಗೆ ಬಂದು ಕರೆದರೂ ಹೋಗುವಂತಿರಲಿಲ್ಲ, ಹೋದರೆ ಇನ್ನೊಂದು ಕೇಸು. ಆ ದಿನಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರೆ ನನ್ನ ಹೆಂಡತಿ, “ನೆಲಾ ಸವದೀತ್ರಿ, ಒಂದ್ಕಡೆ ಕುಂದರ್ರಿ” ಎನ್ನುತ್ತಿದ್ದಳು.

ವಿಚಾರಣೆಗೆ ಜಿಲ್ಲೆಯ ದೊಡ್ಡ ಡಾಕ್ಟರನ್ನು ನೇಮಿಸಿದ್ದರು. ಅವರು ಊರೂರು ತಿರುಗುವ ಫಿರತಿಯ ಮೇಲೆ ಹುಕ್ಕೇರಿಗೆ ಬಂದು ಪ್ರವಾಸಿ ಬಂಗಲೆಯಲ್ಲಿ ಇಳಿದಾಗ ನಾವಿಬ್ಬರೂ ಹೋದೆವು. ಮೂಡಲಗಿಯ ಡಾಕ್ಟರು ಬರೆದ ಚೀಟಿಯನ್ನು ಮುಂದಿಟ್ಟೆ. ಅವರು ಅದನ್ನು ಓದಿ, ಕೋರ್ಟಿನ ಹುಕುಮಿನ ಪಕ್ಕದಲ್ಲಿ ಇಟ್ಟರು.

“ಇಲ್ಲಿ ಸ್ಪಿರಿಟ್ ಅಂತ ಐತಿ. ಅಲ್ಲಿ ನೀವ ಕಬೂಲ್ ಮಾಡೀರಿ. ಯಾವುದು ಖರೆ, ಬಾಯಿ?”

ಆಕೆ ನನ್ನ ಕಡೆ ನೋಡಿದಳು. ನಾನೇ ಎದ್ದು, ಹಾಗೆ ಹೇಳಿಸಿದ್ದು ನಾನು, ಚೀಟಿಗಾಗಿ ಕಾಯಲು ನನಗೆ ವ್ಯವಧಾನ ಇರಲಿಲ್ಲ ಎಂದೆ.

“ಹಂಗಾದ್ರ ಅದನ್ನ ಬರದು ಸಹಿ ಮಾಡಿ ಕೊಡ್ರಿ” ಎಂದು ಒಂದು ಹಾಳೆ ಸರಿಸಿದರು. “ಬರೇ ಬಾಯಿಮಾತು ಮುಂಬೈಯಾಗ ನಡ್ಯಾಂಗಿಲ್ಲ.”

ಪೆನ್ನು ತೆಗೆದವನು ಮತ್ತೆ ಕೆಳಗಿಟ್ಟೆ. ಕಕ್ಷಿದಾರಳ ಮಾತು ಕೇಳದೆ ತಪ್ಪೊಪ್ಪಿಸಿದೆ ಎಂದು ವಕೀಲನೊಬ್ಬ ಬರೆದುಕೊಟ್ಟರೆ ಆ ಹಾಳೆ ಮುಂಬೈಯಲ್ಲೇ ನಿಲ್ಲುತ್ತದೆಂದು ಏನು ಗ್ಯಾರಂಟಿ? ಜಿಲ್ಲಾ ನ್ಯಾಯಾಧೀಶರ ಮೇಜಿಗೆ ಹೋದರೆ ನನ್ನ ಸನದಿನ ಗತಿ? ನಮ್ಮ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗಿಬಿಟ್ಟಿದ್ದ ಆ ವಕೀಲಿಯ ಪರವಾನಗಿ ಕಣ್ಣಮುಂದೆ ಬಂತು.

“ಎಂಟು ದಿನ ವಾಯಿದಾ ಕೊಡ್ರಿ, ಸಾಹೇಬ್ರ. ವಿಚಾರ ಮಾಡಿ ಬರದು ಕೊಡ್ತೇನಿ” ಎಂದೆ.

ನರ್ಸಬಾಯಿ ಮೆಲ್ಲಗೆ ಹೇಳಿದಳು: “ವಾಯಿದಾ ಕೇಳಾಕ ನಿಮಗ ಬರ್ತೈತಲ್ರಿ, ವಕೀಲ್ರ.”

ಕುಹಕವಿರಲಿಲ್ಲ ಆ ಮಾತಿನಲ್ಲಿ. ಈಗಷ್ಟೇ ಗೊತ್ತಾದ ಸಂಗತಿಯನ್ನು ಹೇಳುವ ದನಿ ಅದು. ಕೋರ್ಟಿನಲ್ಲಿ ಎದುರಾಳಿಗಳಿಂದ ಬೈಸಿಕೊಂಡಿದ್ದೇನೆ, ನ್ಯಾಯಾಧೀಶರಿಂದ ಉಗಿಸಿಕೊಂಡಿದ್ದೇನೆ, ಅಷ್ಟು ನಾಚಿಕೆ ಮತ್ತೆಲ್ಲೂ ಆಗಿಲ್ಲ. ಅಲ್ಲೇ ಕೂತು ಬರೆದೆ, ಬಸ್ಸಿನ ಹಾರ್ನನ್ನೂ ಬಿಡದೆ ಬರೆದೆ. ಸಹಿ ಮಾಡಿದೆ.

ಎರಡು ತಿಂಗಳಿಗೆ ಉತ್ತರ ಬಂತು. ಎಚ್ಚರಿಕೆ ಕೊಟ್ಟು ಆಕೆಯ ಹೆಸರನ್ನು ಪಟ್ಟಿಯಲ್ಲಿ ಉಳಿಸಿದ್ದರು. ನನ್ನ ಹಾಳೆಯೂ ಬೆಳಗಾವಿಗೆ ಬಂದೇ ಬಂತು. ಜಿಲ್ಲಾ ನ್ಯಾಯಾಧೀಶರು ಕರೆಸಿ, ನಿಲ್ಲಿಸಿಕೊಂಡೇ ಛೀಮಾರಿ ಹಾಕಿದರು. ಸನದು ಗೋಡೆಯ ಮೇಲೆಯೇ ಉಳಿಯಿತು.

ಮರುವರ್ಷ ನನ್ನ ಹೆಂಡತಿಗೆ ಹೆರಿಗೆಯ ಬೇನೆ ಶುರುವಾದಾಗ, “ಆ ಬಾಯಿನ್ನ ಕರಸ್ರಿ, ಬ್ಯಾರೇದವರು ಬ್ಯಾಡ” ಎಂದು ಹಟ ಹಿಡಿದಳು. ಯಾವ ಮುಖ ಹೊತ್ತು ಕರೆಯುವುದು? ಆದರೂ ಮುಂಜಾನೆಯ ಬಸ್ಸಿಗೆ ಹೇಳಿ ಕಳಿಸಿದೆ. ಆಕೆ ಅದೇ ಚೀಲ ಹಿಡಿದು ಬಂದಳು.

“ಬರ್ರಿ, ಬಾಯಿ” ಎಂದೆ. ರೀ ಹಚ್ಚಿ ಕರೆದದ್ದು ಅದೇ ಮೊದಲು. ಆಕೆ ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಕೈಗಿಟ್ಟಳು.

“ನಾ ಒಳಗ ಹೋಗ್ತೇನಿ. ನೀವ್ ಇಲ್ಲೇ ಕುಂತು ಇದನ್ನ ಓದ್ರಿ, ಪೂರಾ.”

ಮೂಡಲಗಿಯ ಡಾಕ್ಟರರ ಅಕ್ಷರ. ‘ಇವರ ಬಳಿ ಇರುವುದು ಕತ್ತರಿ ಕುದಿಸುವ ಸ್ಪಿರಿಟ್ಟು, ದವಾಖಾನೆಯಿಂದ ನಾನೇ ಕೊಟ್ಟದ್ದು.’ ಅಷ್ಟೇ, ಎರಡು ಸಾಲು. ಒಳಗಿನಿಂದ ಮಗುವಿನ ಅಳು ಕೇಳುವವರೆಗೆ ಪಡಸಾಲೆಯಲ್ಲಿ ಕೂತು ಅದನ್ನೇ ಓದಿದೆ. ಒಮ್ಮೆಯೂ ಎದ್ದು ಓಡಾಡಲಿಲ್ಲ.