ವಾಲ್ವಿನೊಳಗಿನ ಬೆಳ್ಳಿ ಮಸಿ

ದೀಪದ ಚಿಮಣಿಯ ಮಸಿಯನ್ನು ಬೂದಿ ಹಾಕಿ ಒರೆಸುತ್ತಿದ್ದಾಗ ಅಂಚೆಯವನು ಕಾರ್ಡು ತಂದುಕೊಟ್ಟ. ಯುದ್ಧ ಇನ್ನೂ ಮುಗಿದಿರಲಿಲ್ಲ. ನನ್ನ ಯಜಮಾನರು ಬೆಂಗಳೂರಿನಲ್ಲಿ ಸೈನ್ಯದ ರೇಡಿಯೊ ರಿಪೇರಿ ಮಾಡುವ ಕೆಲಸದಲ್ಲಿದ್ದರು. ಹೊಸೂರಿಗೆ ಬರುತ್ತಿದ್ದುದು ತಿಂಗಳಿಗೊಂದು ಸಲ, ಇದ್ದಲು ಉರಿಸಿ ಓಡಿಸುವ ಬಸ್ಸಿನಲ್ಲಿ. ನಮಗೆ ಮಕ್ಕಳಿರಲಿಲ್ಲ. ಅತ್ತೆಯೂ ತೀರಿಹೋಗಿದ್ದರು. ಮಧ್ಯಾಹ್ನದ ಹೊತ್ತು ನಾನು ಮಾತಾಡುತ್ತಿದ್ದುದು ದೇವರ ಗೂಡಿನ ಮುಂದೆ ಮಾತ್ರ.

ಕಾರ್ಡಿನಲ್ಲಿ ನಾಲ್ಕೇ ಸಾಲು. ಶನಿವಾರ ಬರುತ್ತೇನೆ. ದನದ ಫಾರ್ಮಿನ ದೊರೆಯ ರೇಡಿಯೊ ಕೆಟ್ಟಿದೆ. ನನ್ನ ತಗಡಿನ ಪೆಟ್ಟಿಗೆಯಲ್ಲಿರುವ ಗಾಜಿನ ವಾಲ್ವನ್ನು ಅದಕ್ಕೆ ಹಾಕಿದರೆ ಸರಿಹೋಗುತ್ತದೆ. ರೇಡಿಯೊ ಹಾಡಿದರೆ ಫಾರ್ಮಿನಲ್ಲೇ ಮೆಷಿನ್ನು ನೋಡಿಕೊಳ್ಳುವ ಕೆಲಸ ಕೊಡುತ್ತೇನೆಂದು ದೊರೆ ಹೇಳಿದ್ದಾರೆ.

ಫಾರ್ಮಿಗೆ ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರ. ಅಂದರೆ ದಿನಾ ಸಂಜೆ ಮನೆಗೆ ಬರುತ್ತಾರೆ. ಆ ಕಾರ್ಡನ್ನು ಎಷ್ಟು ಸಲ ಓದಿದೆನೋ.

ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಇಣುಕಿ ಕೂಗಿತು. "ಏನವ್ವಾ, ಮೂತಿ ತುಂಬಾ ಮಸಿ ಮಾಡ್ಕಂಡು ನಗ್ತಾ ನಿಂತಿದ್ದೀಯಾ? ಗಂಡ ಬತ್ತಾನಾ?"

"ಬತ್ತಾರೆ ಕಣಜ್ಜಿ. ಇನ್ ಇಲ್ಲೇ ಇರಂಗೂ ಆಗ್ಬೋದು."

"ಹಂಗಾರೆ ಮೊದ್ಲು ಮೂತಿ ತೊಳ್ಕಾ. ನಿನ್ ನೋಡಿ ಅದೇ ಬಸ್ನಾಗೆ ವಾಪಸ್ ಹೋಗ್ಬುಟ್ಟಾನು!"

ಅಂದೇ ಪೆಟ್ಟಿಗೆ ತೆಗೆದೆ. ಹತ್ತಿಯಲ್ಲಿ ಸುತ್ತಿಟ್ಟಿದ್ದ ವಾಲ್ವು ನಮ್ಮ ದೀಪದ ಚಿಮಣಿಯ ಮರಿಯ ಹಾಗಿತ್ತು. ಕೆಳಗೆ ಕರಿಯ ಬುಡ, ಮೇಲೆ ಗಾಜು. ಗಾಜಿನ ನೆತ್ತಿಯ ಮೇಲೆ ಬೆಳ್ಳಿ ಬಳಿದಂಥ ಕಲೆ, ಅಂಚಿನಲ್ಲಿ ಅದು ಕಂದಾಗಿ ಹೊಗೆ ಹಿಡಿದಂತೆ ಕಾಣುತ್ತಿತ್ತು. ಹಡಗುಗಳು ಬರುವುದು ನಿಂತು, ಅಂಥ ವಾಲ್ವು ಹುಡುಕಿದರೂ ಸಿಗದ ಕಾಲವೆಂದು ನನಗೆ ಗೊತ್ತಿತ್ತು. ದೊರೆಯ ಕೈಗೆ ಹೋಗುವ ವಸ್ತು, ಮಸಿ ಹಿಡಿದದ್ದನ್ನು ಕೊಡುವುದು ಹೇಗೆ? ನಮ್ಮಲ್ಲಿ ಇಸಕೊಂಡ ಪಾತ್ರೆಯನ್ನೂ ಬೆಳಗದೆ ವಾಪಸು ಕೊಡುವುದಿಲ್ಲ.

ಚಿಮಣಿಗೆ ಮಾಡಿದಂತೆಯೇ ಬೂದಿ ಹಾಕಿ ಉಜ್ಜಿದೆ. ಕಲೆ ಹೋಗಲಿಲ್ಲ. ಬುಡವನ್ನು ಒಂದು ಕೈಯಲ್ಲಿ ಹಿಡಿದು, ಗಾಜನ್ನು ಬಟ್ಟೆಯಲ್ಲಿ ಒತ್ತಿ ತಿರುಗಿಸಿದೆ. ಬಳೆ ತಾಗಿದಷ್ಟು ಸಣ್ಣ ಸದ್ದಾಯಿತು. ನೋಡಿದರೆ ಎಲ್ಲೂ ಏನೂ ಒಡೆದಿರಲಿಲ್ಲ. ಹಾಗೇ ಹತ್ತಿಯಲ್ಲಿ ಸುತ್ತಿಟ್ಟೆ.

ಬೆಳಿಗ್ಗೆ ಎದ್ದು ನೋಡುತ್ತೇನೆ, ಮಸಿ ಮಾಯ! ಬೆಳ್ಳಿಯ ಜಾಗದಲ್ಲಿ ಹಾಲಿನಂಥ ಬಿಳುಪು. ಬೆಟ್ಟದ ಸ್ವಾಮಿಯೇ ಕೈಹಿಡಿದನೆಂದು ದೇವರಿಗೆ ಒಂದು ತುಪ್ಪದ ದೀಪ ಹೆಚ್ಚಿಗೆ ಹಚ್ಚಿದೆ.

ಶನಿವಾರ ಮಧ್ಯಾಹ್ನ ಅವರು ಬಂದರು. ಕಾಲು ತೊಳೆಯುವ ಮೊದಲೇ ವಾಲ್ವನ್ನು ತಟ್ಟೆಯಲ್ಲಿಟ್ಟು ಮುಂದೆ ಹಿಡಿದೆ. "ನೋಡಿ, ಹೆಂಗ್ ಬೆಳಗಿಟ್ಟಿದ್ದೀನಿ!"

ಅವರು ಅದನ್ನು ಬೆಳಕಿಗೆ ಹಿಡಿದು ಹಾಗೇ ಜಗುಲಿಯ ಮೇಲೆ ಕುಳಿತುಬಿಟ್ಟರು.

"ಅದು ಮಸಿ ಅಲ್ಲ ಕಣೇ," ಎಂದರು. "ಇದ್ರೊಳಗಿನ ಗಾಳಿ ಎಲ್ಲಾ ಎಳ್ದು ಮುಚ್ತಾರೆ. ಆದ್ರೂ ಒಂಚೂರು ಉಳ್ಕಂಡ್ಬುಡ್ತದೆ. ಒಳಗೆ ತಂತಿ ಎಳೆ ಕಾಯ್ತದಲ್ಲ, ಅದು ಆ ಚೂರು ಗಾಳಿಗೇ ಕೆಟ್ಟೋಗ್ತದೆ. ಅದ್ಕೇ ಬೇರಿಯಂ ಅನ್ನೋ ಲೋಹಾನ ಒಳಗೇ ಕಾಯ್ಸಿ ಗಾಜಿಗೆ ಹಿಡ್ಸಿರ್ತಾರೆ. ಉಳ್ದ ಗಾಳೀನ ಅದು ನುಂಗ್ಬುಡ್ತದೆ. ಅದು ಬೆಳ್ಳಗಾಯ್ತು ಅಂದ್ರೆ ಬುಡದತ್ರ ಗಾಜು ಕಣ್ಣಿಗ್ ಕಾಣ್ದಂಗೆ ಬಿರುಕು ಬಿಟ್ಟು ಹೊರಗಿನ ಗಾಳಿ ನುಗ್ಗೈತೆ ಅಂತ."

"ಹಂಗಾರೆ ಈ ಗಾಳೀನೂ ನುಂಗ್ಲಿ ಬುಡಿ."

"ಒಂದ್ ತುತ್ತು ತಿನ್ನೋನ ಮುಂದೆ ಮದ್ವೆ ಮನೆ ಅನ್ನಾನೆಲ್ಲಾ ಸುರ್ದ್ರೆ?" ಎಂದು ಸ್ವಲ್ಪ ನಕ್ಕರು. ಆ ನಗು ನೋಡಿದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ.

ಅವರು ಊಟ ಮಾಡದೆ ಫಾರ್ಮಿಗೆ ಹೋದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿಂದಿರುಗಿದರು. ಬಾಗಿಲಲ್ಲೇ ಕೇಳಿದೆ. "ದೊರೆ ಏನಂದ್ರು?"

"ಕೈಯಿಂದ ಜಾರ್ಸ್ಬುಟ್ಟೆ ಅಂದೆ. ಒಂದ್ ವಾಲ್ವು ಹಿಡ್ಯಕ್ಕಾಗ್ದೋನಿಗೆ ನನ್ ಮೆಷಿನ್ನೆಲ್ಲಾ ಹೆಂಗ್ ಒಪ್ಪಿಸ್ಲಿ ಅಂದ್ರು."

"ನಾನ್ ಮಾಡಿದ್ದು ಅಂತ ಹೇಳಿದ್ರೆ ಕೆಲ್ಸ ಕೊಡ್ತಿದ್ರೋ ಏನೋ."

"ನನ್ ಹೆಂಡ್ತಿ ಹೆಂಗೆ ಅಂತ ಆ ದೊರೆಗ್ಯಾಕೆ? ಮುದ್ದೆ ಬಡ್ಸು, ಹಸೀತಾ ಐತೆ."

ಎರಡು ಮುದ್ದೆ ಉಂಡರು. ದನಿ ಎತ್ತರಿಸಲಿಲ್ಲ. ಗೋಡೆಯಾಚೆಯ ಅಜ್ಜಿಗೆ ಏನೂ ಕೇಳಿಸಲಿಲ್ಲ. ಇಷ್ಟನ್ನೂ ದೇವರು ಕೊಟ್ಟದ್ದೆಂದೇ ಎಣಿಸಿಕೊಂಡೆ. ಕೆಟ್ಟ ಗಂಡನ ಕೈಗೆ ಸಿಕ್ಕಿದ್ದರೆ ಅಂದು ನನ್ನ ಬೆನ್ನಿಗೆ ಏನಾಗುತ್ತಿತ್ತೆಂದು ನನಗೆ ಗೊತ್ತು. ಆದರೂ ಭಾನುವಾರ ಅವರನ್ನು ಬಸ್ಸಿಗೆ ಹತ್ತಿಸಲು ಹೋಗಲೇಬೇಕಾಯಿತು. ಬಸ್ಸು ಹತ್ತುವಾಗ ಅವರು, "ಬರೋ ತಿಂಗ್ಳು ಬತ್ತೀನಿ" ಎಂದರು. ಹೊಗೆ ಕಣ್ಣಿಗೆ ಬಂದು ಕೊನೆಗೆ ಅವರ ಮುಖ ಸರಿಯಾಗಿ ಕಾಣಲಿಲ್ಲ. ಅವರು ಬಂದು ಮನೆಯಲ್ಲೇ ನಿಲ್ಲಲು ಆಮೇಲೆ ಮೂರು ವರ್ಷ ಹಿಡಿಯಿತು.

ಅಂದು ಬಸ್ಸು ಹೋದ ಮೇಲೆ ನಾನು ಮನೆಗೆ ಬಂದಾಗ ಬಿಸಿಲು ನಡುಮನೆಯವರೆಗೆ ಬಂದಿತ್ತು. ಒಬ್ಬಳಿಗೆ ಎಷ್ಟು ಬೇಕೋ ಅಷ್ಟು ಹುರುಳಿಯನ್ನು ಮೊರಕ್ಕೆ ಹಾಕಿಕೊಂಡು ಕಲ್ಲು ಆರಿಸಲು ಕುಳಿತೆ.